ಕದ್ದು ಕೇಳುವ ಕಿವಿಗೆ ಲೆಕ್ಕ ಕೇಳುವವರಾರು?

ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಮುದ್ರೆಯ ಅವಧಿ ಮೀರಿದ ತೂಕದ ಕಲ್ಲು ಇನ್‌ಸ್ಪೆಕ್ಟರ ಕೈಗೆ ಸಿಕ್ಕಿತೆಂದರೆ ದಂಡ ತೆರಬೇಕು. ಗಿರಣಿಯ ಕೂಲಿಗಾರ ಪಾಳಿಗೆ ಹತ್ತು ನಿಮಿಷ ತಡಮಾಡಿದರೆ ಗೇಟಿನಲ್ಲೇ ಷರಾ ಬೀಳುತ್ತದೆ, ತಿಂಗಳ ಕೊನೆಗೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಹೀಗೆ ನಮ್ಮ ನಿಮ್ಮಂಥವರ ಪ್ರತಿಯೊಂದು ಚಲನವಲನಕ್ಕೂ ಲೆಕ್ಕವಿರುವ ಈ ದೇಶದಲ್ಲಿ ಸರಕಾರ ಮಾಡುವ ಒಂದು ಕೆಲಸಕ್ಕೆ ಮಾತ್ರ ಲೆಕ್ಕವಿಲ್ಲ, ಮುದ್ರೆಯಿಲ್ಲ, ಹಾಜರಿಯಿಲ್ಲ. ಪ್ರಜೆಗಳ ಟೆಲಿಫೋನು ಮಾತನ್ನು ಕದ್ದು ಕೇಳುವ ಕೆಲಸ ಅದು.

"ನಮ್ಮ ಫೋನು ಯಾರು ಕೇಳುತ್ತಾರೆ ಮೇಷ್ಟ್ರೇ, ನಾವೇನು ಮಂತ್ರಿಗಳೇ?" ಎಂದು ನಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ನಗುವಿಗೆ ಉತ್ತರ ಕೊಡುವುದಕ್ಕೇ ಈ ಲೇಖನ.

ಮೊದಲು ಕಾಯಿದೆಯ ಸಂಗತಿ. ಬ್ರಿಟಿಷರು 1885ರಲ್ಲಿ ಭಾರತೀಯ ತಂತಿ ಕಾಯಿದೆಯನ್ನು ಮಾಡಿದರು. ಕಾಂಗ್ರೆಸ್ಸು ಹುಟ್ಟಿದ್ದೂ ಅದೇ ವರ್ಷದ ಕೊನೆಗೆ ಎಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಲಿ. ಸಾರ್ವಜನಿಕ ತುರ್ತು ಒದಗಿದಾಗ ಅಥವಾ ಸಾರ್ವಜನಿಕ ಸುರಕ್ಷತೆಗಾಗಿ ಸಂದೇಶಗಳನ್ನು ತಡೆಹಿಡಿಯಬಹುದು, ಕೇಳಬಹುದು ಎಂದು ಅದರ ಐದನೆಯ ಕಲಮು ಹೇಳುತ್ತಿತ್ತು. ಪರಕೀಯ ಆಳರಸರು ತಮ್ಮ ಗುಲಾಮರನ್ನು ನಂಬದೆ ಬರೆದಿಟ್ಟ ಕಲಮು ಅದು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ವಾತಂತ್ರ್ಯ ಬಂದಮೇಲೆ ದೆಹಲಿಯಲ್ಲಿ ಕೂತ ಯಾವ ಪಕ್ಷದವರಿಗೂ ಅದನ್ನು ಕಿತ್ತೆಸೆಯಬೇಕೆನ್ನಿಸಲಿಲ್ಲವಲ್ಲ, ಆಶ್ಚರ್ಯ ಅಲ್ಲಿದೆ. 2013ರ ಜುಲೈನಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಅಂಚೆ ಕಚೇರಿಯಲ್ಲಿ ಕಟ್ಟಕಡೆಯ ತಂತಿ ಕಳಿಸಲು ಜನ ಸಾಲುಗಟ್ಟಿ ನಿಂತರು. ತಂತಿ ಸತ್ತಿತು, ತಂತಿಯ ಹೆಸರಿನಲ್ಲಿ ಕಿವಿಗೊಡುವ ಅಧಿಕಾರ ಸಾಯಲಿಲ್ಲ.

ಆ ಅಧಿಕಾರವನ್ನು ಹೇಗೆ ಚಲಾಯಿಸಿದರೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟದ್ದು ಈ ಫೋನು ಕದ್ದಾಲಿಕೆಯ ಆರೋಪದ ಮೇಲೆ. ಎರಡು ವರ್ಷ ಕಳೆದು ಚಂದ್ರಶೇಖರರು, ತಮ್ಮ ಫೋನನ್ನೂ ವಿ.ಪಿ. ಸಿಂಗ್ ಸರಕಾರ ಕದ್ದು ಕೇಳುತ್ತಿತ್ತೆಂದು ಆಪಾದಿಸಿದರು. ಅದೇ ಚಂದ್ರಶೇಖರರು ಪ್ರಧಾನಿಯಾಗಿದ್ದಾಗ, ರಾಜೀವ ಗಾಂಧಿಯವರ ಮನೆಯ ಮೇಲೆ ಹರಿಯಾಣದ ಇಬ್ಬರು ಪೋಲೀಸರು ಕಣ್ಣಿಟ್ಟಿದ್ದರೆಂಬ ಗದ್ದಲದಲ್ಲಿ 1991ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. 2013ರಲ್ಲಿ, ಆಗ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿಯವರ ಫೋನು ಕರೆಗಳ ಪಟ್ಟಿಯನ್ನು ಕಳ್ಳದಾರಿಯಲ್ಲಿ ತೆಗೆದದ್ದು ಬಯಲಾದಾಗ ಸಂಸತ್ತೇ ಅಲ್ಲಾಡಿತು. ಅಂಥ ಪಟ್ಟಿ ಕೇಳುವ ಅಧಿಕಾರ ಸೂಪರಿಂಟೆಂಡೆಂಟರ ದರ್ಜೆಗಿಂತ ಕೆಳಗಿನ ಪೋಲೀಸರಿಗೆ ಇಲ್ಲವೆಂದು ಅವಸರವಸರವಾಗಿ ಸೂಚನೆ ಹೊರಟಿತು. 2019ರ ಆಗಸ್ಟ್‌ನಲ್ಲಿ ಮತ್ತೆ ನಮ್ಮ ಬೆಂಗಳೂರೇ. ಹಿಂದಿನ ಸಮ್ಮಿಶ್ರ ಸರಕಾರದ ಕಾಲದಲ್ಲಿ ಫೋನು ಕದ್ದಾಲಿಕೆ ನಡೆದಿತ್ತೆಂಬ ಆರೋಪವನ್ನು ಯಡಿಯೂರಪ್ಪನವರ ಸರಕಾರ ಸಿಬಿಐಗೆ ಒಪ್ಪಿಸಿತು.

ಈ ಕಥೆಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ. ದೊಡ್ಡವರ ಮಾತು ಕದ್ದು ಕೇಳಿದರೆ ಸರಕಾರಗಳು ಉರುಳುತ್ತವೆ, ತನಿಖೆಗಳು ನಡೆಯುತ್ತವೆ, ಸೂಚನೆಗಳು ಹೊರಡುತ್ತವೆ. ಒಬ್ಬ ಕಾರ್ಮಿಕ ಸಂಘದ ಕಾರ್ಯದರ್ಶಿಯ ಮಾತು ಕದ್ದು ಕೇಳಿದರೆ? ಏನೂ ಆಗುವುದಿಲ್ಲ. ಯಾಕೆಂದರೆ ಅದು ಅವನಿಗೇ ಗೊತ್ತಾಗುವುದಿಲ್ಲ. ಕೇಳಿಸಿಕೊಂಡವನಿಗೆ ತಿಳಿಸಬೇಕೆಂಬ ನಿಯಮ ನಮ್ಮ ಕಾಯಿದೆಯಲ್ಲಿ ಎಲ್ಲೂ ಇಲ್ಲ. ಕೇಳುವಾಗಲೂ ಇಲ್ಲ, ಕೇಳಿ ಮುಗಿದ ಹತ್ತು ವರ್ಷಕ್ಕೂ ಇಲ್ಲ. ಗೊತ್ತೇ ಆಗದ ಅನ್ಯಾಯಕ್ಕೆ ಯಾವ ಕೋರ್ಟಿನ ಬಾಗಿಲು ತಟ್ಟುವುದು? "ನಾವೇನು ಮಂತ್ರಿಗಳೇ" ಎನ್ನುವ ಗೆಳೆಯರೇ, ಮಂತ್ರಿಗಳಾಗಿದ್ದರೆ ನಿಮ್ಮ ಪರವಾಗಿ ಲೋಕಸಭೆ ಕೂಗಾಡುತ್ತಿತ್ತು. ಮಂತ್ರಿಗಳಲ್ಲದ್ದರಿಂದಲೇ ನಿಮಗೆ ಕಾಯಿದೆಯ ಕಾವಲು ಹೆಚ್ಚು ಬೇಕು.

ಚಂದ್ರಶೇಖರರು ಎಬ್ಬಿಸಿದ ಗದ್ದಲದಿಂದ ಒಂದು ಒಳ್ಳೆಯದಾಯಿತು. ಸಿಬಿಐ ವಿಚಾರಣೆ ನಡೆದು, ವರದಿ ಪತ್ರಿಕೆಯಲ್ಲಿ ಬಂತು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯವರು ಅದನ್ನು ಹಿಡಿದುಕೊಂಡು 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ವರದಿಯ ಅಂಕಿಗಳು ಹೀಗಿವೆ: 133 ಪ್ರಕರಣಗಳಲ್ಲಿ ಅಪ್ಪಣೆಯ ಅವಧಿ ಮೀರಿದ ಮೇಲೂ ಕದ್ದು ಕೇಳಿದ್ದರು. 111 ಪ್ರಕರಣಗಳಲ್ಲಿ 180 ದಿನ ದಾಟಿತ್ತು, ಸರಕಾರದ ಅನುಮತಿ ಇರಲಿಲ್ಲ. ನಾಲ್ಕು ಫೋನುಗಳಿಗಂತೂ ಹುಕುಂ ಪತ್ರವನ್ನೇ ಹಾಜರುಪಡಿಸಲಾಗಲಿಲ್ಲ. ಇವೆಲ್ಲ ದೆಹಲಿಯ ದೊಡ್ಡ ದೊಡ್ಡ ಅಧಿಕಾರಿಗಳ ಕಣ್ಣೆದುರು ನಡೆದ ವ್ಯವಹಾರ. ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ಇದಕ್ಕಿಂತ ಚೊಕ್ಕಟವಾಗಿರುತ್ತದೆ.

1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಟೆಲಿಫೋನಿನಲ್ಲಿ ಆಡುವ ಮಾತು ಮನುಷ್ಯನ ಖಾಸಗಿ ಬಾಳಿನ ಭಾಗ, ಅದನ್ನು ಮನಬಂದಂತೆ ಕೇಳಕೂಡದು ಎಂದಿತು. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಗೃಹ ಕಾರ್ಯದರ್ಶಿಯೇ ಹುಕುಂ ಕೊಡಬೇಕು. ಅದು ಎರಡು ತಿಂಗಳಿಗೆ ಮುಗಿಯಬೇಕು. ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು. ಒಂದು ಪರಿಶೀಲನಾ ಸಮಿತಿ ಪ್ರತಿಯೊಂದು ಹುಕುಮನ್ನೂ ನೋಡಬೇಕು ಎಂದು ಕಟ್ಟುಮಾಡಿತು. ಕಾಯಿದೆ ಹುಟ್ಟಿ ನೂರು ವರ್ಷ ದಾಟಿದ್ದರೂ ಕದ್ದಾಲಿಕೆಗೆ ಸರಕಾರ ಸರಿಯಾದ ನಿಯಮ ಮಾಡಿರಲಿಲ್ಲ. ಕೋರ್ಟು ಹೇಳಿದ ಮೇಲೂ ಈಚಿನವರೆಗೆ ನಡೆದುಬಂದ 419ಎ ಎಂಬ ನಿಯಮವನ್ನು ಬರೆಯುವ ಹೊತ್ತಿಗೆ 2007ನೇ ಇಸವಿ ಬಂತು. ಹನ್ನೊಂದು ವರ್ಷ!

ಆದರೆ ಆ ತೀರ್ಪಿನಲ್ಲಿ ಒಂದು ಬಾಗಿಲು ತೆರೆದೇ ಉಳಿಯಿತು. ಹುಕುಂ ಹೊರಡುವ ಮೊದಲು ಒಬ್ಬ ನ್ಯಾಯಾಧೀಶರು ನೋಡಲಿ ಎಂದು ಪಿಯುಸಿಎಲ್‌ನವರು ಕೇಳಿದ್ದರು. ಕಾಯಿದೆಯಲ್ಲಿ ಇಲ್ಲದ್ದನ್ನು ತಾನು ಸೇರಿಸಲಾರೆನೆಂದು ಕೋರ್ಟು ಹೇಳಿತು. ಸೇರಿಸಬೇಕಾದವರು ಶಾಸನ ಮಾಡುವವರು, ಅವರು ಸೇರಿಸಲಿಲ್ಲ. ಹೀಗಾಗಿ ಇಡೀ ವ್ಯವಹಾರ ಸರಕಾರದ ಮನೆಯೊಳಗೇ ಉಳಿಯಿತು. ಪೋಲೀಸರು ಕೇಳುತ್ತಾರೆ, ಗೃಹ ಕಾರ್ಯದರ್ಶಿ ಕೊಡುತ್ತಾರೆ, ಪರಿಶೀಲಿಸುವ ಸಮಿತಿಯಲ್ಲಿ ಕೇಂದ್ರದಲ್ಲಾದರೆ ಸಂಪುಟ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು, ರಾಜ್ಯದಲ್ಲಾದರೆ ಮುಖ್ಯ ಕಾರ್ಯದರ್ಶಿ ಮತ್ತು ಇನ್ನಿಬ್ಬರು ಕಾರ್ಯದರ್ಶಿಗಳು. ಬರೆದವನೂ ಅವನೇ, ತಿದ್ದುವವನೂ ಅವನೇ, ನಂಬರು ಹಾಕುವವನೂ ಅವನೇ. ಇಂಥ ಪರೀಕ್ಷೆಯಲ್ಲಿ ನಪಾಸಾದವರನ್ನು ನಾನು ಕಂಡಿಲ್ಲ.

ಆ ಸಮಿತಿಯ ಕೆಲಸದ ಹೊರೆಯನ್ನಾದರೂ ನೋಡೋಣ. ಕೇಂದ್ರ ಸರಕಾರವೊಂದೇ ತಿಂಗಳಿಗೆ 7,500ರಿಂದ 9,000 ಫೋನು ಕದ್ದಾಲಿಕೆ ಹುಕುಂ ಕೊಡುತ್ತದೆಂದು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಗೃಹ ಮಂತ್ರಾಲಯವೇ 2013ರಲ್ಲಿ ಉತ್ತರ ಕೊಟ್ಟಿತ್ತು. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಅಂದರೆ ಒಂದೊಂದು ಸಭೆಯ ಮುಂದೆ 15,000ದಿಂದ 18,000 ಹುಕುಂ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ತನ್ನ ವರದಿಯಲ್ಲಿ ಎತ್ತಿ ತೋರಿಸಿತು. ಈಗ ಗಿರಣಿಯ ಲೆಕ್ಕ ಹಾಕಿ. ಎಂಟು ಗಂಟೆಯ ಒಂದು ಪಾಳಿಯಲ್ಲಿ 28,800 ಸೆಕೆಂಡು. ಮೂವರು ಕಾರ್ಯದರ್ಶಿಗಳು ಊಟಕ್ಕೆ ಏಳದೆ, ಚಹಾ ಕುಡಿಯದೆ ಒಂದು ಪೂರಾ ಪಾಳಿ ಕೂತರೂ ಒಂದು ಹುಕುಮಿಗೆ ಎರಡು ಸೆಕೆಂಡೂ ಸಿಗುವುದಿಲ್ಲ. ಫೈಲಿನ ದಾರ ಬಿಚ್ಚುವುದಕ್ಕೂ ಸಾಲದು. ಅರವತ್ತು ಮಕ್ಕಳ ಕಾಪಿ ಪುಸ್ತಕ ತಿದ್ದುವುದಕ್ಕೇ ನನಗೆ ಎರಡು ಸಂಜೆ ಬೇಕಾಗುತ್ತಿತ್ತು.

ಇನ್ನು ಶಾಸನ ಸಭೆಗಳ ಸಂಗತಿ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಕ್ಕೊರಲಿನಿಂದ ಹೇಳಿದರು. ಆ ದಾವೆ ಹೂಡಿದವರು ನಮ್ಮ ಹೈಕೋರ್ಟಿನಿಂದ ನಿವೃತ್ತರಾಗಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಕನ್ನಡಿಗರು ಹೆಮ್ಮೆಪಡಬೇಕಾದ ಮಾತು. ಇಷ್ಟು ದೊಡ್ಡ ತೀರ್ಪು ಬಂದಮೇಲೆ ಸಂಸತ್ತು ಹಳೆಯ ಕಾಯಿದೆಯನ್ನು ತೊಳೆದು ಹೊಸದು ಮಾಡಬೇಕಾಗಿತ್ತು. ಹೊಸ ಕಾಯಿದೆಯೇನೋ ಬಂತು. 2023ರ ಡಿಸೆಂಬರ್ 18ರಂದು ದೂರಸಂಪರ್ಕ ಮಸೂದೆ ಲೋಕಸಭೆಗೆ ಬಂತು, 20ಕ್ಕೆ ಅಲ್ಲಿ ಪಾಸಾಯಿತು, 21ಕ್ಕೆ ರಾಜ್ಯಸಭೆಯಲ್ಲಿ ಪಾಸಾಯಿತು. ಆ ಅಧಿವೇಶನದಲ್ಲಿ ಎರಡೂ ಸಭೆಗಳಿಂದ ಒಟ್ಟು 146 ವಿರೋಧ ಪಕ್ಷದ ಸದಸ್ಯರನ್ನು ಅಮಾನತು ಮಾಡಲಾಗಿತ್ತು. ಪ್ರಶ್ನೆ ಕೇಳಬೇಕಾದವರು ಬಾಗಿಲ ಹೊರಗೆ, ಮಸೂದೆ ಒಳಗೆ. ಬ್ರಿಟಿಷರ ಐದನೆಯ ಕಲಮು ಹೊಸ ಕಾಯಿದೆಯಲ್ಲಿ ಇಪ್ಪತ್ತನೆಯ ಕಲಮಾಗಿ ಕೂತಿತು. ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆ ಎಂಬ ಅದೇ ಹಳೆಯ ಮಾತುಗಳು ಹಾಗೆಯೇ ಉಳಿದವು. 2024ರ ಡಿಸೆಂಬರಿನಲ್ಲಿ ಬಂದ ನಿಯಮಗಳಲ್ಲೂ ಹುಕುಂ ಕೊಡುವವರು, ಪರಿಶೀಲಿಸುವವರು ಕಾರ್ಯದರ್ಶಿಗಳೇ. ನ್ಯಾಯಾಧೀಶರಿಲ್ಲ, ಶಾಸಕರಿಲ್ಲ.

ಅಂಚೆಯ ಕಥೆಯೂ ಇದೇ. 1986ರಲ್ಲಿ ಪ್ರಜೆಗಳ ಕಾಗದ ಒಡೆದು ನೋಡುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಯನ್ನು ಸಂಸತ್ತು ಒಪ್ಪಿದಾಗ ರಾಷ್ಟ್ರಪತಿ ಜೈಲ್ ಸಿಂಗರು ರುಜು ಹಾಕದೆ ಇಟ್ಟುಕೊಂಡರು. ಆ ಮಸೂದೆ ಕಾಯಿದೆಯಾಗಲೇ ಇಲ್ಲ. 2023ರ ಹೊಸ ಅಂಚೆ ಕಾಯಿದೆಯಲ್ಲಿ ಅಂಥದೇ ಅಧಿಕಾರ ಒಂಬತ್ತನೆಯ ಕಲಮಾಗಿ ಸದ್ದಿಲ್ಲದೆ ಬಂದು ಕೂತಿದೆ.

2021ರ ಜುಲೈನಲ್ಲಿ ಪೆಗಾಸಸ್ ಎಂಬ ಇಸ್ರೇಲಿ ಗೂಢಚಾರ ತಂತ್ರಾಂಶದ ಸುದ್ದಿ ಸಿಡಿಯಿತು. ಮೊಬೈಲಿನೊಳಗೇ ಹೊಕ್ಕು ಕೂರುವ ಯಂತ್ರ ಅದು. ವಿಷಯ ವಿಚಾರಿಸಲೆಂದು ಜುಲೈ 28ರಂದು ಸಂಸತ್ತಿನ ಮಾಹಿತಿ ತಂತ್ರಜ್ಞಾನ ಸ್ಥಾಯೀ ಸಮಿತಿಯ ಸಭೆ ಕರೆದಿದ್ದರು. ಏನಾಯಿತು ಗೊತ್ತೇ? ಆಡಳಿತ ಪಕ್ಷದ ಸದಸ್ಯರು ಕೊಠಡಿಗೆ ಬಂದರು, ಹಾಜರಿ ಪುಸ್ತಕಕ್ಕೆ ರುಜು ಹಾಕಲಿಲ್ಲ. ಕೋರಂ ಇಲ್ಲವೆಂದು ಸಭೆ ನಿಂತಿತು. ಕರೆಸಿದ್ದ ಮಂತ್ರಾಲಯಗಳ ಅಧಿಕಾರಿಗಳೂ ನೆಪ ಹೇಳಿ ತಪ್ಪಿಸಿಕೊಂಡರು. ವರ್ಷಗಟ್ಟಲೆ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದವನು ನಾನು. ತರಗತಿಯಲ್ಲೇ ಕೂತು "ನಾನು ಬಂದಿಲ್ಲ ಸಾರ್" ಎಂದ ಹುಡುಗನೊಬ್ಬನೂ ನನಗೆ ಸಿಕ್ಕಿರಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಜ್ಞರ ಸಮಿತಿ ಮಾಡಬೇಕಾಯಿತು. 29 ಫೋನುಗಳಲ್ಲಿ ಐದರಲ್ಲಿ ಯಾವುದೋ ದುಷ್ಟ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಸರಕಾರ ಸಮಿತಿಗೆ ಸಹಕಾರ ಕೊಡಲಿಲ್ಲವೆಂದು 2022ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ತೆರೆದ ಕೋರ್ಟಿನಲ್ಲಿ ಹೇಳಿದರು.

ಬೇರೆ ದೇಶದವರು ಸತ್ಯಹರಿಶ್ಚಂದ್ರರೆಂದು ನಾನು ಹೇಳುವುದಿಲ್ಲ. ಅಮೆರಿಕದವರು 1975ರಲ್ಲಿ ಸೆನೆಟಿನ ಸಮಿತಿ ಕೂಡಿಸಿ ಗೂಢಚಾರರ ಅಕ್ರಮಗಳನ್ನೆಲ್ಲ ಬಯಲಿಗೆಳೆದರು, 1978ರಲ್ಲಿ ಕಾಯಿದೆ ಮಾಡಿ ಪ್ರತ್ಯೇಕ ಕೋರ್ಟನ್ನೇ ಸ್ಥಾಪಿಸಿದರು. ಆದರೂ 2013ರಲ್ಲಿ, ಕೋಟಿಗಟ್ಟಲೆ ಜನರ ಫೋನು ಕರೆಗಳ ಪಟ್ಟಿ ಸರಕಾರದ ಕೈ ಸೇರುತ್ತಿದ್ದುದನ್ನು ಸ್ನೋಡನ್ ಎಂಬ ತರುಣ ಬಯಲು ಮಾಡಬೇಕಾಯಿತು. ಇಂಗ್ಲೆಂಡಿನಲ್ಲಿ 2016ರ ಕಾಯಿದೆಯಿಂದೀಚೆಗೆ ಮಂತ್ರಿಯ ವಾರಂಟಿಗೆ ನ್ಯಾಯಾಧೀಶರೊಬ್ಬರೂ ಒಪ್ಪಿಗೆ ಕೊಡಬೇಕು. ಗೆಸ್ಟಪೊ ಕಂಡಿದ್ದ ಜರ್ಮನಿಯವರ ಕಾಯಿದೆ, ಕೆಲಸ ಮುಗಿದಮೇಲೆ ಕೇಳಿಸಿಕೊಂಡವನಿಗೆ "ನಿನ್ನ ಮಾತು ಕೇಳಿದ್ದೆವು" ಎಂದು ತಿಳಿಸಬೇಕೆನ್ನುತ್ತದೆ; ತಿಳಿಸದಿರಲು ಕಾರಣವನ್ನು ಸರಕಾರವೇ ತೋರಿಸಬೇಕು. ಅಲ್ಲೆಲ್ಲ ತಪ್ಪು ನಡೆಯುತ್ತದೆ, ಸಿಕ್ಕಿಬೀಳುವ ದಾರಿಯೂ ಇದೆ.

"ಹಾಗಾದರೆ ಬಾಂಬು ಇಡುವವರನ್ನೂ ಮಕ್ಕಳ ಕಳ್ಳರನ್ನೂ ಹಿಡಿಯಬಾರದೇ?" ಎಂದು ಕೇಳುತ್ತಾರೆ. ಹಿಡಿಯಲಿ. ಅಂಥವರ ಫೋನು ಕೇಳಬೇಡಿ ಎಂದವರು ಯಾರು? ಮನೆ ಜಪ್ತಿಗೆ ಮ್ಯಾಜಿಸ್ಟ್ರೇಟರ ವಾರಂಟು ಇರುವಂತೆ ಮಾತಿನ ಜಪ್ತಿಗೂ ಒಂದು ವಾರಂಟು ಇರಲಿ ಎನ್ನುತ್ತೇವೆ. ತುರ್ತಾದರೆ ಮೊದಲು ಕೇಳಲಿ, ಮೂರು ದಿನದಲ್ಲಿ ನ್ಯಾಯಾಧೀಶರ ಮುಂದೆ ಬರಲಿ. ಕಾಯಿದೆಯ ಮಾತುಗಳು ಎಷ್ಟು ಹಿಗ್ಗುತ್ತವೆಂಬುದಕ್ಕೆ ಮದ್ರಾಸ್ ಹೈಕೋರ್ಟಿನ 2025ರ ಜುಲೈ ತೀರ್ಪನ್ನು ನೋಡಿ. ಲಂಚದ ಗುಮಾನಿಯ ಮೇಲೆ 2011ರಲ್ಲಿ ಕೊಟ್ಟಿದ್ದ ಕದ್ದಾಲಿಕೆ ಹುಕುಮನ್ನು ಅದು ರದ್ದು ಮಾಡಿತು. ಅದು ಸಾರ್ವಜನಿಕ ತುರ್ತೂ ಅಲ್ಲ, ಸುರಕ್ಷತೆಯೂ ಅಲ್ಲವೆಂದಿತು. ಲಂಚಕೋರರ ಮೇಲೆ ನನಗೆ ಕನಿಕರವಿಲ್ಲ. ಆದರೆ ಆ ಹುಕುಂ ತಪ್ಪೆಂದು ಗೊತ್ತಾಗಲು ಹದಿನಾಲ್ಕು ವರ್ಷ ಹಿಡಿಯಿತು, ಅದೂ ಕೋರ್ಟಿಗೆ ಹೋಗುವ ತ್ರಾಣವಿದ್ದವರಿಗೆ. ನಾಳೆ ಬೋನಸ್ಸಿಗಾಗಿ ಮುಷ್ಕರದ ನೋಟೀಸು ಕೊಟ್ಟರೆ ಅದು ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆಯೆಂದು ಒಂದು ಸಾಲು ಬರೆಯಲು ಎಷ್ಟು ಹೊತ್ತು? ಆಮೇಲೆ ಸಂಘದ ಕಾರ್ಯದರ್ಶಿ ರಾತ್ರಿ ಯಾರೊಡನೆ ಏನು ಮಾತಾಡಿದ, ಎಷ್ಟಕ್ಕೆ ರಾಜಿಗೆ ಬರಬಹುದು, ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರು ಮೊದಲು ಮೆತ್ತಗಾಗುತ್ತಾರೆ, ಎಲ್ಲವೂ ಯಾರದೋ ಕಿವಿಯಲ್ಲಿ. ಆ ಕಿವಿಯಿಂದ ಗಿರಣಿ ಮಾಲೀಕರ ಕಿವಿಗೆ ಎಷ್ಟು ದೂರ?

ಕೇಂದ್ರದ ಕಾಯಿದೆ ತಿದ್ದುವುದು ದೆಹಲಿಯ ಕೆಲಸ, ಅದಕ್ಕೆ ನಮ್ಮ ಲೋಕಸಭಾ ಸದಸ್ಯರನ್ನು ಕೇಳಬೇಕು. ಆದರೆ ರಾಜ್ಯದ ಹುಕುಂ ಹೊರಡುವುದು ಬೆಂಗಳೂರಿನ ಗೃಹ ಇಲಾಖೆಯಿಂದ. ಅದಕ್ಕೆ ನಮ್ಮ ಶಾಸಕರು ಸಾಕು. ಹೆಸರು ಬೇಡ, ಫೋನು ನಂಬರು ಬೇಡ, ಗುಟ್ಟು ಯಾವುದೂ ಬೇಡ. ಕಳೆದ ಐದು ವರ್ಷಗಳಲ್ಲಿ ವರ್ಷಕ್ಕೆ ಎಷ್ಟು ಹುಕುಂ ಕೊಟ್ಟಿರಿ, ಮುಖ್ಯ ಕಾರ್ಯದರ್ಶಿಯವರ ಸಮಿತಿ ಎಷ್ಟು ಸಲ ಸೇರಿತು, ಎಷ್ಟನ್ನು ತಪ್ಪೆಂದು ರದ್ದು ಮಾಡಿತು ಎಂದು ಮುಂದಿನ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ. ಉತ್ತರ ಸೊನ್ನೆಯೆಂದಾದರೆ ಆ ಸೊನ್ನೆಯನ್ನೇ ಸಭೆಯ ಮುಂದಿಡಲಿ. ಶಾಸಕರಿಗೆ ಕೊಡುವ ಅರ್ಜಿಯ ಒಕ್ಕಣೆ ಸಿದ್ಧವಾಗಿದೆ. ಪಕ್ಷದ ಕಚೇರಿಯಲ್ಲಿ ಸಂಜೆ ಆರರಿಂದ ಎಂಟರವರೆಗೆ ಇಟ್ಟಿರುತ್ತೇವೆ. ಎರಡನೇ ಪಾಳಿಯವರು ಭಾನುವಾರ ಬೆಳಿಗ್ಗೆ ಬಂದು ರುಜು ಹಾಕಬಹುದು.