ಹಾವಿನ ಬುದ್ಧಿಯಂತೆ!

ಎರಡು ವರ್ಷ ನಮ್ಮ ಪುಣೆಯ ಫ್ಲ್ಯಾಟಿನಲ್ಲಿ ದಾರದುಂಡೆಯಂತೆ ಸುತ್ತಿಕೊಂಡು ಮಲಗಿದ್ದ ಬಾಲ್ ಪೈಥಾನ್ ಮೊನ್ನೆ ರೂಮ್‌ಮೇಟನ ಕೈಗೇ ಬಾಯಿ ಹಾಕಿತು. 'ಹಾವಿನ ಬುದ್ಧಿ ಎಲ್ಲಿ ಹೋಗುತ್ತೆ?' ಎಂದಿತು ಊರಿನವರ ವಾಟ್ಸಾಪ್ ಗುಂಪು. ಒಬ್ಬರು ನಾಗದೋಷ ಎಂದರು, ಇನ್ನೊಬ್ಬರು ಸಿಂಹಗಡದ ಕಾಡಿಗೆ ಬಿಟ್ಟು ಬಾ ಎಂದರು.

ಅಲ್ಲ ಸ್ವಾಮಿ, ಅದರ ಕಣ್ಣು ನೋಡಿದ್ದೀರಾ? ನೀಲಿಗಟ್ಟಿ ಮಬ್ಬಾಗಿದೆ. ಪೊರೆ ಬಿಡುವ ಮುಂಚಿನ ದಿನಗಳಲ್ಲಿ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಮೇಲಿಂದ ಕೈ ಬಂದರೆ ಹದ್ದೋ ಏನೋ ಎಂಬಂತೆ ಬೆಚ್ಚುತ್ತದೆ. ಬೇರೆ ದಿನವಾದರೆ ಕೈಗಂಟಿದ ಇಲಿಯ ವಾಸನೆ, ಪೆಟ್ಟಿಗೆಯ ಚಳಿ, ಮೈಗೆ ಹತ್ತಿದ ಉಣ್ಣಿ, ಕಾಯಿಲೆ – ಇವನ್ನು ಹುಡುಕಬೇಕು, ದ್ವೇಷವನ್ನಲ್ಲ.

ಆಫ್ರಿಕಾದ ಜೀವವನ್ನು ಸಹ್ಯಾದ್ರಿಗೆ ಬಿಡುವುದು ಕರುಣೆಯಲ್ಲ, ಕೈತೊಳೆದುಕೊಳ್ಳುವುದು. ಅದನ್ನು ತರಿಸಿ ಸಾಕಿದ್ದೇ ತಪ್ಪು ಎನ್ನಿ, ಒಪ್ಪುತ್ತೇನೆ. ಆ ತಪ್ಪು ಹಾವಿನದಲ್ಲ. ಸದ್ಯ, ಪೊರೆ ಬಿಡುವತನಕ ಯಾರೂ ಮುಟ್ಟಬೇಡಿ ಎಂದು ಪೆಟ್ಟಿಗೆಗೆ ಚೀಟಿ ಅಂಟಿಸಿದ್ದೇನೆ.