ಫೋಕಸ್ ಎಲ್ಲಿ ನಿಲ್ಲಬೇಕು?

ಕ್ಯಾಮೆರಾ ಕಂಡದ್ದನ್ನು ಕಂಡ ಹಾಗೆ ಹಿಡಿದುಕೊಡುವ ಯಂತ್ರ, ಅದರಲ್ಲಿ ಕಲೆಗೆ ಜಾಗವೆಲ್ಲಿ? ಈ ಪ್ರಶ್ನೆ ಛಾಯಾಗ್ರಹಣದಷ್ಟೇ ಹಳೆಯದು. 1839ರಲ್ಲಿ ದಗೇರ್ ಎಂಬಾತನ ಫೋಟೊ ತೆಗೆಯುವ ವಿಧಾನ ಪ್ಯಾರಿಸ್‌ನಲ್ಲಿ ಬಹಿರಂಗವಾದಾಗ ಜನ ಬೆರಗಾದದ್ದು ಅದರ ಕರಾರುವಾಕ್ಕಾದ ವಿವರಗಳಿಗೆ. ಒಳ್ಳೆಯ ಫೋಟೊ ಎಂದರೆ ಸ್ಪಷ್ಟವಾದ ಫೋಟೊ ಎಂಬ ನಂಬಿಕೆ ಬೇರೂರಿದ್ದು ಹಾಗೆ. ಅದನ್ನು ಅಲುಗಾಡಿಸಿದವರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಮುಖ್ಯಳು.

ಆಕೆ ಹುಟ್ಟಿದ್ದು 1815ರಲ್ಲಿ, ಕಲ್ಕತ್ತೆಯಲ್ಲಿ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ನೆಲೆಸಿದ್ದಾಗ, 48ರ ವಯಸ್ಸಿನಲ್ಲಿ, ಆಕೆಗೆ ಮಗಳು ಮತ್ತು ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಮನೆಯ ಕಲ್ಲಿದ್ದಲು ಕೋಣೆ ಡಾರ್ಕ್‌ರೂಮ್ ಆಯಿತು, ಕೋಳಿಮನೆ ಸ್ಟುಡಿಯೊ ಆಯಿತು.

ಆಗಿನ ಕೆಲಸದ ಕಷ್ಟ ತಿಳಿಯದೆ ಆಕೆಯ ಸಾಧನೆ ಅರ್ಥವಾಗುವುದಿಲ್ಲ. ಗಾಜಿನ ಫಲಕದ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಫಲಕವನ್ನು ಅತ್ತಿತ್ತ ವಾಲಿಸಿ ಎಲ್ಲೆಡೆ ಸಮನಾಗಿ ಹರಡಬೇಕು. ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿದ ಮೇಲೆ ಅದಕ್ಕೆ ಬೆಳಕನ್ನು ಹಿಡಿಯುವ ಗುಣ ಬರುತ್ತದೆ. ಹಸಿಯಿರುವಾಗಲೇ ಚಿತ್ರ ತೆಗೆದು, ಡಾರ್ಕ್‌ರೂಮಿಗೆ ಓಡಿ ತೊಳೆಯಬೇಕು. ಒಣಗಿತೋ, ಕೆಲಸ ಕೆಟ್ಟಿತು. ಎದುರು ಕೂತವರು ಕೆಲವೊಮ್ಮೆ ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಿತ್ತು.

ಆಕೆಯ ಚಿತ್ರಗಳಲ್ಲಿ ಒಂದಷ್ಟು ಮಸುಕು ಇದರಿಂದ ತಾನಾಗಿಯೇ ಬರುತ್ತಿತ್ತು, ನಿಜ. ಆದರೆ ಲೆನ್ಸ್ ತಿರುಗಿಸುತ್ತಾ ಹೋಗಿ, ಕಣ್ಣಿಗೆ ಚೆಲುವಾಗಿ ಕಂಡ ಕಡೆ ನಿಲ್ಲಿಸಿಬಿಡುತ್ತಿದ್ದೆ, ಇನ್ನಷ್ಟು ಸ್ಪಷ್ಟತೆಗಾಗಿ ಮುಂದಕ್ಕೆ ತಿರುಗಿಸುತ್ತಿರಲಿಲ್ಲ ಎಂದು ಆಕೆಯೇ ಬರೆದಿಟ್ಟಿದ್ದಾಳೆ. ಕಲೆ ಇರುವುದು ಅಲ್ಲೇ ಎಂದು ನಾನು ನಂಬಿದ್ದೇನೆ. ಎಲ್ಲಿ ನಿಲ್ಲಬೇಕೆಂದು ಯಂತ್ರಕ್ಕೆ ಗೊತ್ತಿಲ್ಲ.

1867ರ ಜಾನ್ ಹರ್ಷೆಲ್ ಭಾವಚಿತ್ರವನ್ನೇ ನೋಡಿ. ಹರ್ಷೆಲ್ ಹೆಸರಾಂತ ಖಗೋಳ ವಿಜ್ಞಾನಿ. ಮೂಡಿದ ಚಿತ್ರ ಅಳಿಸಿಹೋಗದಂತೆ ಹೈಪೊ ಎಂಬ ರಾಸಾಯನಿಕ ಬಳಸಿ ಉಳಿಸಿಕೊಳ್ಳುವ ದಾರಿ ತೋರಿದವನೂ ಅವನೇ. ಆಗಿನ ಸ್ಟುಡಿಯೊಗಳ ಮಾಮೂಲಿ ಕಂಬ, ಪರದೆ, ಮೇಜು, ಪುಸ್ತಕ ಯಾವುದೂ ಇಲ್ಲಿಲ್ಲ. ಕಪ್ಪು ಹಿನ್ನೆಲೆ, ಪಕ್ಕದಿಂದ ಬಿದ್ದ ಬೆಳಕು, ಕೆದರಿದ ಬಿಳಿ ಕೂದಲು, ಗಲ್ಲದ ಮೇಲೆ ಒರಟು ಕುರುಚಲು, ನೀರಾಡುವ ಕಣ್ಣು. ಗೌರವಸ್ಥರನ್ನು ಗಂಭೀರವಾಗಿ ಕೂರಿಸಿ ತೆಗೆದ ಸಾವಿರಾರು ಫೋಟೊಗಳ ನಡುವೆ ಇಲ್ಲೊಬ್ಬ ದಣಿದ, ಇನ್ನೂ ಯೋಚಿಸುತ್ತಿರುವ ಮುದುಕ ಕಾಣುತ್ತಾನೆ.

ಫೋಟೊಗ್ರಫಿ ಪತ್ರಿಕೆಗಳು ಆಕೆಯನ್ನು ಜರೆದವು. ಫೋಕಸ್ ಇಲ್ಲ, ಫಲಕದ ತುಂಬ ಗೀರು ಎಂಬುದು ದೂರು. ಅದು ಪೂರ್ತಿ ಸುಳ್ಳಲ್ಲ. ಪುರಾಣಪಾತ್ರಗಳ ವೇಷ ಹಾಕಿಸಿ ತೆಗೆದ ಹಲವು ಚಿತ್ರಗಳು ನನಗೂ ಕೃತಕವೆನಿಸುತ್ತವೆ. ಆದರೂ ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಹೆಸರಾದ ಲಂಡನ್ನಿನ ಮ್ಯೂಸಿಯಂ 1865ರಲ್ಲೇ ಆಕೆಯ ಚಿತ್ರಗಳನ್ನು ಕೊಂಡುಕೊಂಡಿತು.

1875ರಲ್ಲಿ ಆಕೆ ಗಂಡನ ಕಾಫಿ ತೋಟಗಳಿದ್ದ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಗೆ, ಹೋದಳು, 1879ರಲ್ಲಿ ಅಲ್ಲೇ ತೀರಿಕೊಂಡಳು. ಅಲ್ಲಿ ಸ್ಥಳೀಯರನ್ನೂ ತೋಟದ ಕೂಲಿಗಳನ್ನೂ ತೆಗೆದ ಕೆಲವೇ ಚಿತ್ರಗಳು ಉಳಿದಿವೆ. ಕಲಾವಿದೆಯ ಆಯ್ಕೆಯನ್ನು ಮೆಚ್ಚುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು: ಇಂಗ್ಲೆಂಡಿನ ಕವಿ, ವಿಜ್ಞಾನಿಗಳ ಚಿತ್ರಗಳಿಗೆ ಅವರವರ ಹೆಸರಿದೆ. ಸಿಲೋನಿನ ಈ ಜನರಲ್ಲಿ ಹೆಚ್ಚಿನವರ ಹೆಸರನ್ನು ಯಾರೂ ಬರೆದಿಡಲಿಲ್ಲ.