ಕಾಲು ಸೋತಾಗ ಊರಿನ ಬಸ್ಸು ಬೇಡ

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ, ಕಿರ್ಕಿಟವಾಡಿ, ಧಾಯರಿ ಪರಿಸರದ ಅನೇಕ ಮನೆಗಳಿಂದ ಒಂದೇ ಬಗೆಯ ದೂರು ಕೇಳಿಬಂತು. ಮೊದಲು ಹೊಟ್ಟೆನೋವು, ಭೇದಿ. ಅದು ನಿಂತು ಕೆಲವು ದಿನ ಕಳೆಯುವಷ್ಟರಲ್ಲಿ ಪಾದಕ್ಕೆ ಜೋಮು, ಕಾಲಿಗೆ ನಿತ್ರಾಣ. ನಿನ್ನೆ ಮೆಟ್ಟಿಲು ಹತ್ತಿದವರಿಗೆ ಇಂದು ಏಳಲೂ ಆಗದು. ಗಿಲ್ಲನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂಬ ಹೆಸರು ಆಗ ಮನೆಮಾತಾಯಿತು. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಈ ಕಾಯಿಲೆ ಕೆಲವೇ ವಾರಗಳಲ್ಲಿ ಪುಣೆ ಮತ್ತು ಸುತ್ತಮುತ್ತ 200ಕ್ಕೂ ಹೆಚ್ಚು ಮಂದಿಯಲ್ಲಿ ಶಂಕಿಸಲ್ಪಟ್ಟಿತು. ಹಲವರು ವೆಂಟಿಲೇಟರಿನ ಆಶ್ರಯ ಪಡೆದರು, ಕೆಲವರು ಮರಳಿ ಬರಲಿಲ್ಲ. ಕುಡಿಯುವ ನೀರಿನ ಮೇಲೆ ಸಂಶಯ ಹೋಯಿತು. ರೋಗಿಗಳ ಮಲದ ಮಾದರಿಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ಪತ್ತೆಯಾಯಿತು.

ಆ ಗದ್ದಲ ಅಡಗಿದೆ. ಆದರೆ ಕಾಯಿಲೆ ಎಲ್ಲಿಗೂ ಹೋಗಿಲ್ಲ. ಯಾವ ಊರಿನಲ್ಲಿ, ಯಾವ ವಯಸ್ಸಿನವರಿಗೂ ಅದು ಬರಬಹುದು. ಆದ್ದರಿಂದ ಮಹಾರಾಷ್ಟ್ರದ ತುಳು-ಕನ್ನಡಿಗರು ಇದನ್ನು ಅರಿತಿರುವುದು ಒಳ್ಳೆಯದು.

1916ರಲ್ಲಿ ಫ್ರಾನ್ಸಿನ ಗಿಲ್ಲನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು ವೈದ್ಯರು ಇದನ್ನು ವಿವರಿಸಿದರು. ಇದು ಅಂಟುರೋಗವಲ್ಲ. ಭೇದಿ ಅಥವಾ ಶೀತಜ್ವರದ ರೋಗಾಣುವನ್ನು ಹೊಡೆಯಲು ಎದ್ದ ದೇಹದ ರಕ್ಷಣಾ ಪಡೆ, ಗುರುತು ತಪ್ಪಿ ತನ್ನದೇ ನರಗಳ ಮೇಲೆ ಬೀಳುತ್ತದೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆ ಕಿತ್ತುಹೋದರೆ ಆಗುವಂತೆ, ಮೆದುಳಿನ ಆಜ್ಞೆ ಸ್ನಾಯುವಿಗೆ ತಲುಪುವುದಿಲ್ಲ. ಪಾರ್ಶ್ವವಾಯು ಸಾಮಾನ್ಯವಾಗಿ ದೇಹದ ಒಂದು ಬದಿಯನ್ನು ಹಿಡಿದರೆ, ಇದು ಎರಡೂ ಕಾಲುಗಳಲ್ಲಿ ಶುರುವಾಗಿ ಕೈಗೆ, ಮುಖಕ್ಕೆ ಏರುತ್ತದೆ. ನಾಲ್ಕು ವಾರದೊಳಗೆ ತುತ್ತತುದಿ ಮುಟ್ಟುತ್ತದೆ. ನೂರರಲ್ಲಿ 20ರಿಂದ 30 ಮಂದಿಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ.

ನಮ್ಮವರು ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ. ಹೋಟೆಲಿನ ಕೋಣೆಯಲ್ಲಿ ನಾಲ್ಕೈದು ಮಂದಿಯೊಡನೆ ಇರುವ ಹುಡುಗನಿಗೆ ಕಾಲು ಸೋತರೆ ಮೊದಲು ಹೊಳೆಯುವ ಮಾತು, 'ಊರಿಗೆ ಕಳಿಸಿಬಿಡೋಣ' ಎಂಬುದು. ಊರಿನಲ್ಲಿ ತಾಯಿ ಇದ್ದಾಳೆ, ಪರಿಚಯದ ವೈದ್ಯರಿದ್ದಾರೆ, ಎಣ್ಣೆ ಹಚ್ಚಿ ತಿಕ್ಕುವವರಿದ್ದಾರೆ. ಬೇರೆ ಕಾಯಿಲೆಗಳಲ್ಲಿ ಇದು ತಪ್ಪಲ್ಲ, ಸಂಕಟದಲ್ಲಿ ಜನ್ಮಭೂಮಿ ನೆನಪಾಗುವುದು ಸಹಜ. ಆದರೆ ಜಿಬಿಎಸ್‌ನಲ್ಲಿ ಸಂಜೆ ಕುಂಟುತ್ತಾ ಬಸ್ಸು ಹತ್ತಿದವನಿಗೆ ನಡುರಾತ್ರಿ ಘಾಟಿಯಲ್ಲಿ ಉಸಿರು ಕಟ್ಟಬಹುದು. ಅಲ್ಲಿ ವೆಂಟಿಲೇಟರ್ ಸಿಗದು. ಎರಡೂ ಕಾಲು ದಿನದಿಂದ ದಿನಕ್ಕೆ ಸೋಲುತ್ತಿದ್ದರೆ, ನುಂಗಲು ಕಷ್ಟವಾದರೆ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದಿದ್ದರೆ, ನರರೋಗ ತಜ್ಞರೂ ತೀವ್ರ ನಿಗಾ ಘಟಕವೂ ಇರುವ ಹತ್ತಿರದ ದೊಡ್ಡ ಆಸ್ಪತ್ರೆಗೆ ಅಂದೇ ಹೋಗಬೇಕು. ಶಕ್ತಿಯ ಟಾನಿಕ್ ಕುಡಿದು ಕಾಯುವ ಹೊತ್ತು ಅದಲ್ಲ.

ಚಿಕಿತ್ಸೆ ಇದೆ. ಇಮ್ಯುನೋಗ್ಲೋಬ್ಯುಲಿನ್ ಎಂಬ ಚುಚ್ಚುಮದ್ದು, ಇಲ್ಲವೇ ರಕ್ತದ ಪ್ಲಾಸ್ಮಾ ಬದಲಾಯಿಸುವ ವಿಧಾನ. ಎರಡೂ ಸಮಾನ ಫಲಕಾರಿ. ಚುಚ್ಚುಮದ್ದನ್ನು ರೋಗ ಕಾಣಿಸಿದ ಎರಡು ವಾರದೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಅದರ ಲೆಕ್ಕವನ್ನೂ ನೋಡಬೇಕು. ದೇಹದ ತೂಕದ ಪ್ರತಿ ಕಿಲೋಗೆ 2 ಗ್ರಾಂನಂತೆ ಐದು ದಿನಗಳಲ್ಲಿ ಕೊಡುತ್ತಾರೆ. 60 ಕಿಲೋ ತೂಕದವನಿಗೆ 120 ಗ್ರಾಂ, ಅಂದರೆ 5 ಗ್ರಾಂನ 24 ಬಾಟಲಿ. ಒಂದೊಂದು ಬಾಟಲಿಗೂ ಸಾವಿರಾರು ರೂಪಾಯಿ. ಐಸಿಯು ಖರ್ಚು ಬೇರೆ. ತಿಂಗಳ ಸಂಬಳದಲ್ಲಿ ಬದುಕುವ ಕುಟುಂಬಕ್ಕೆ ಇದು ದಿಕ್ಕು ತೋಚದ ಮೊತ್ತ.

2025ರಲ್ಲಿ ಪುಣೆ ಮಹಾನಗರಪಾಲಿಕೆ ತನ್ನ ಕಮಲಾ ನೆಹರೂ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ನೀಡಿತು. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲೂ ಈ ಕಾಯಿಲೆ ಸೇರಿದೆ. ಆದರೆ ದುಡಿಮೆ ಇಲ್ಲಿ, ರೇಷನ್ ಕಾರ್ಡ್ ಊರಿನಲ್ಲಿ ಎಂಬ ಸ್ಥಿತಿ ನಮ್ಮವರಲ್ಲಿ ಅನೇಕರದು. ಕಾಗದಪತ್ರ ಹುಡುಕುತ್ತಾ ಕೂತರೆ ಅಮೂಲ್ಯವಾದ ಎರಡು ವಾರ ಕಳೆದುಹೋಗುತ್ತದೆ.

ಸಂಘ-ಸಂಸ್ಥೆಗಳ ಜವಾಬ್ದಾರಿ ಇಲ್ಲಿ ದೊಡ್ಡದು. ಹೆಚ್ಚಿನ ಸಂಘಗಳಲ್ಲಿ ವೈದ್ಯಕೀಯ ನೆರವು ನಿಧಿ ಇದೆ. ಆದರೆ ಅರ್ಜಿ ಬಂದು, ಕಾರ್ಯಕಾರಿ ಸಮಿತಿ ಸೇರಿ, ಮಂಜೂರಾಗಿ, ಮುಂದಿನ ಸಮಾರಂಭದ ವೇದಿಕೆಯಲ್ಲಿ ಚೆಕ್ ಹಸ್ತಾಂತರವಾಗುವಷ್ಟರಲ್ಲಿ ಈ ರೋಗಿಯ ಹಣೆಬರಹ ನಿರ್ಧಾರವಾಗಿರುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿ ಮೂವರೇ ಸೇರಿ ಒಂದೇ ದಿನದಲ್ಲಿ ಒಂದು ಮಿತಿಯವರೆಗೆ ಹಣ ಬಿಡುಗಡೆ ಮಾಡುವ ಅಧಿಕಾರವನ್ನು ಮಹಾಸಭೆ ನೀಡಬೇಕು. ಯಾವ ಸರಕಾರಿ ಮತ್ತು ಪಾಲಿಕೆ ಆಸ್ಪತ್ರೆಯಲ್ಲಿ ಯಾವ ಸೌಲಭ್ಯವಿದೆ, ಯೋಜನೆಗೆ ಯಾವ ದಾಖಲೆ ಬೇಕು ಎಂಬ ಪಟ್ಟಿ ಸಿದ್ಧವಿರಬೇಕು. ಮರಾಠಿ, ಹಿಂದಿ ಸರಿಯಾಗಿ ಬಾರದ ರೋಗಿಯ ಜತೆ ನಿಲ್ಲಲು ಇಬ್ಬರು ಯುವಕರ ಹೆಸರಾದರೂ ಇರಲಿ.

ಹೋಟೆಲ್ ಉದ್ಯಮದಲ್ಲಿರುವ ನಮ್ಮವರಿಗೂ ಒಂದು ಮಾತು. ಕ್ಯಾಂಪಿಲೋಬ್ಯಾಕ್ಟರ್ ಹಸಿ ಕೋಳಿಮಾಂಸದಲ್ಲಿ ಸಾಮಾನ್ಯ. ಕೋಳಿ ಪೂರ್ತಿ ಬೇಯಬೇಕು, ಅದನ್ನು ಕತ್ತರಿಸಿದ ಹಲಗೆ, ಚೂರಿ ತರಕಾರಿಗೆ ತಾಗಬಾರದು, ನೀರಿನ ಟ್ಯಾಂಕ್ ಕಾಲಕಾಲಕ್ಕೆ ತೊಳೆಯಬೇಕು. ಗಿರಾಕಿಗಳ ಜತೆಗೆ ಕೆಲಸದವರ ಕುಡಿಯುವ ನೀರೂ ಶುದ್ಧವಿರಬೇಕು.

ಸಮಾಧಾನದ ಸಂಗತಿಯೆಂದರೆ, ಆರು ತಿಂಗಳಲ್ಲಿ ನೂರಕ್ಕೆ ಸುಮಾರು 80 ಮಂದಿ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಆದರೆ ಆ ಆರು ತಿಂಗಳು ಫಿಸಿಯೋಥೆರಪಿ ಬೇಕು, ಮನೆಯಲ್ಲಿ ಒಲೆ ಉರಿಯಬೇಕು, ಗುಣವಾಗಿ ಬಂದವನಿಗೆ ಅವನ ಕೆಲಸ ಉಳಿದಿರಬೇಕು. ಆಸ್ಪತ್ರೆಯ ಬಿಲ್ಲಿನೊಂದಿಗೆ ನೆರವು ಮುಗಿಯಬಾರದು. ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುವ ಶಿಬಿರಗಳು ಮೆಚ್ಚತಕ್ಕವೇ. ಮುಂದಿನ ಶಿಬಿರದಲ್ಲಿ ನರರೋಗ ತಜ್ಞರೊಬ್ಬರನ್ನು ಕರೆಸಿ ಈ ವಿಷಯವಾಗಿ ಅರ್ಧ ಗಂಟೆ ಮಾತನಾಡಿಸಲಿ. ನಿಧಿಯ ನಿಯಮ ತಿದ್ದುವ ವಿಚಾರ ಬರುವ ಸಮಿತಿ ಸಭೆಯ ಕಾರ್ಯಸೂಚಿಯಲ್ಲೇ ಸೇರಲಿ.